ಸಹಯೋಗವೆಂಬ ಸ್ಫಟಿಕ ಸರೋವರ

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿತ್ತು. ಪ್ಲೇಗು ಬಂದಿರಲಿಲ್ಲ. ಕಪಿಲೆ ಉಕ್ಕಿರಲಿಲ್ಲ. ಮೈಕ್ರೊಫೈನಾನ್ಸಿನವರು ಕಂತು ವಸೂಲಿಗೆ ಬಂದು ಬಾಗಿಲಲ್ಲಿ ಕೂತಿದ್ದರು, ಅಷ್ಟೆ.

ಹಾಗಂತ ಇಲ್ಲಿ ಹೆಂಗಸರನ್ನು ಉದ್ಧರಿಸುವವರಿಗೆ ಬರವಿಲ್ಲ. ನಂಜನಗೂಡಿಗಾಗಲಿ ತಿ.ನರಸೀಪುರಕ್ಕಾಗಲಿ ಹೋಗಿ ನೋಡಿ. ಸ್ತ್ರೀಶಕ್ತಿ ಉಂಟು, ಸಂಜೀವಿನಿ ಉಂಟು, ಧರ್ಮಸ್ಥಳ ಸಂಘ ಉಂಟು. ಮಠದ್ದೊಂದು, ಚರ್ಚಿನದೊಂದು, ಕಾರ್ಖಾನೆಯ ಸಿಎಸ್‌ಆರ್ ದುಡ್ಡಿನದು ಇನ್ನೊಂದು. ‘ಯಾವ ಸಂಘದಲ್ಲಿದ್ದೀಯಮ್ಮ?’ ಎಂದರೆ ‘ಯಾವ್ದು ಅಂತ ಯೋಳ್ಲಿ ಸಾ?’ ಎನ್ನುವವರೇ ಹೆಚ್ಚು. ಒಂದು ಪ್ಲಾಸ್ಟಿಕ್ ಕವರು ಬಿಚ್ಚುತ್ತಾರೆ. ಅದರೊಳಗೆ ರೇಷನ್ ಕಾರ್ಡು, ಆಧಾರ್ ಜೆರಾಕ್ಸು, ಸಂಘಕ್ಕೊಂದರಂತೆ ಪಾಸ್‌ಬುಕ್ಕು. ಎಲ್ಲಕ್ಕೂ ಅಡಿಯಲ್ಲಿ ವಾರದ ಸಾಲದ ಕಾರ್ಡುಗಳು. ಆ ಕಾರ್ಡುಗಳನ್ನು ಮಾತ್ರ ಸೆರಗಿನ ಮರೆಯಲ್ಲೇ ಒಳಕ್ಕೆ ತಳ್ಳುತ್ತಾರೆ.

ಐದು ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಇಂಥ ಒಬ್ಬಾಕೆ ಐದು ಸಲ ಸಬಲಳಾಗಿದ್ದಾಳೆ. ಮನೆಗೆ ಬೀಗ ಹಾಕಿ ಊರು ಬಿಟ್ಟಾಗ ಒಬ್ಬರ ಲೆಕ್ಕದಲ್ಲೂ ಒಂದು ಹೆಸರು ಕಡಿಮೆಯಾಗಲಿಲ್ಲ.

ಈ ಸಂಸ್ಥೆಗಳ ಸಹಯೋಗದ ಮಾತು ಕೇಳಬೇಕೆಂದರೆ ಮೈಸೂರಿನ ಹೋಟೆಲ್ ಹಾಲಿಗೆ ಬನ್ನಿ. ಬ್ಯಾನರಿನ ಮೇಲೆ ಲೋಗೊಗಳ ಮೆರವಣಿಗೆ. ಯಾರದು ಮೊದಲು ಬರಬೇಕು ಎಂಬ ಜಗಳ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ದೀಪ ಹಚ್ಚುವುದು ಹಳತು, ಈಗ ಗಿಡಕ್ಕೆ ನೀರು ಹಾಕಿ ಉದ್ಘಾಟನೆ. ಇದಕ್ಕೆ ನಾವೀನ್ಯ ಎಂದು ಹೆಸರು. ಆಮೇಲೆ ಗುಂಪು ಚರ್ಚೆ, ಚಾರ್ಟು, ಸ್ಕೆಚ್ ಪೆನ್ನು. ಎಲ್ಲ ಸಂಸ್ಥೆಗಳೂ ನಿಜಕ್ಕೂ ಒಂದಾಗುವುದು ಊಟದ ಸಾಲಿನಲ್ಲಿ. ‘ನಿಮ್ಮ ಹಳ್ಳಿಗಳ ಪಟ್ಟಿ ಕೊಡಿ ಸ್ವಾಮಿ’ ಎಂದು ಕೇಳಿ ನೋಡಿ. ‘ಅದು ನಮ್ಮ ಫಂಡರ್ ಡೇಟಾ’ ಎನ್ನುತ್ತಾರೆ.

ಪಟ್ಟಿ ಹಂಚಿಕೊಳ್ಳುವುದನ್ನು ಕಲಿಯಬೇಕಿದ್ದರೆ ಸಾಲ ಕೊಡುವವರ ಹತ್ತಿರ ಹೋಗಬೇಕು. ವ್ಯಾಪಾರದಲ್ಲಿ ಅವರು ಪರಸ್ಪರ ಪೈಪೋಟಿಗಾರರು. ಆದರೆ ಒಬ್ಬ ಹೆಂಗಸಿನ ಯಾವ ಸಾಲ ಎಲ್ಲಿದೆ, ಯಾವ ಕಂತು ತಪ್ಪಿದೆ ಎಂಬುದು ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದಲ್ಲಿ ಅವರೆಲ್ಲರಿಗೂ ಕಾಣುತ್ತದೆ. ಕಂಡ ಮೇಲೂ ಮತ್ತೊಂದು ಸಾಲ ಕೊಡುತ್ತಾರೆ, ಆ ಮಾತು ಬೇರೆ. ಬಡವಿಯ ಬಗ್ಗೆ ಬಡ್ಡಿಯವರಿಗೆ ಇರುವ ಮಾಹಿತಿ ಸೇವೆಯವರಿಗೆ ಇಲ್ಲ.

ನಾವೀನ್ಯ ಈ ನೆಲದಲ್ಲಿ ಹುಟ್ಟಲೇ ಇಲ್ಲ ಎಂದಲ್ಲ. ಬಡವರು ತಾವೇ ಉಳಿಸಿ, ತಾವೇ ಸಾಲ ಕೊಟ್ಟುಕೊಳ್ಳುವ ಸಣ್ಣ ಗುಂಪುಗಳನ್ನು 1980ರ ದಶಕದ ನಡುವಿನಲ್ಲೇ ಕಟ್ಟಿದ್ದು ಕರ್ನಾಟಕದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಮೊದಲು ಉಳಿತಾಯ, ಆಮೇಲೆ ಸಾಲ. ಮುಂದೆ ಬಂದ ಮೈಕ್ರೊಫೈನಾನ್ಸಿನವರು ಇದರಲ್ಲೂ ನಾವೀನ್ಯ ಮಾಡಿದರು: ಉಳಿತಾಯ ತೆಗೆದುಹಾಕಿದರು, ಗುಂಪು ಇಟ್ಟುಕೊಂಡರು. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ನಿಲ್ಲಬೇಕು. ಟ್ರಸ್ಟಾಗಿ ಶುರುವಾದದ್ದು ಕಂಪನಿಯಾಗಿ ಷೇರುಪೇಟೆಗೂ ಹೋಯಿತು. ಸೇವೆಗೆ ಲಾಭಾಂಶ ಸಿಗುತ್ತದೆ ಎಂದು ಆಗ ಗೊತ್ತಾಯಿತು.

2025ರ ಫೆಬ್ರುವರಿ 12ರಂದು ರಾಜ್ಯಪಾಲರು ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು. ಅದೇ ದಿನ ತಿ.ನರಸೀಪುರದಲ್ಲಿ ಕುಂಭಮೇಳದ ಪುಣ್ಯಸ್ನಾನ. ಕಾವೇರಿಯೂ ಕಪಿಲೆಯೂ ಅಲ್ಲಿ ಕಣ್ಣೆದುರೇ ಕೂಡುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಕಣ್ಣಿಗೆ ಬೀಳುವುದಿಲ್ಲ, ಇದೆ ಎಂದು ನಂಬಬೇಕು. ನಮ್ಮ ಸಂಸ್ಥೆಗಳ ಸಹಯೋಗವೂ ಹಾಗೇ. ಮುಳುಗೆದ್ದವರೆಲ್ಲ ಇದೆ ಎನ್ನುತ್ತಾರೆ.

ಸಾಲಕ್ಕೆ ಹೆದರಿ ಊರು ಬಿಟ್ಟವರನ್ನು ಹುಡುಕಿಕೊಂಡು ಹೋಗಿ ‘ಬನ್ನಿ, ನಾವಿದ್ದೇವೆ’ ಎಂದು ಈ ಸಂಸ್ಥೆಗಳೆಲ್ಲ ಒಟ್ಟಾಗಿ ಕರೆತಂದದ್ದನ್ನು ಕಂಡವರಿದ್ದರೆ ಹೇಳಿ. ಕೈಮುಗಿಯುತ್ತೇನೆ.

ಸಂಸ್ಥೆಗಳ ಮಹನೀಯರೇ, ಹೋಬಳಿಗೊಂದು ಪಟ್ಟಿ ಮಾಡಿ. ಯಾರ ಮನೆಗೆ ಎಷ್ಟು ಸಾಲ, ಯಾವ ವಾರ ಯಾವ ಕಂತು ಎಂದು ಬರೆಯಿರಿ. ಲೋಗೊ ಹಾಕಬೇಡಿ. ಕಿರುಕುಳದ ದೂರು ಕೊಡಲು ಠಾಣೆಗೆ ಹೋಗುವ ಹೆಂಗಸಿನ ಜೊತೆ ನಿಮ್ಮಲ್ಲಿ ಒಬ್ಬರಾದರೂ ಹೋಗಿ. ಫೋಟೊ ತೆಗೆಯಬೇಡಿ.