ಇನ್‌ಸ್ಟಾಲರ್ ಕಟ್ಟುವ ಮುನ್ನ ಓದಿ

ಜಾವಾದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಬರೆದು ಮುಗಿಸಿ, ಇನ್ನು ಗ್ರಾಹಕರಿಗೆ ಕೊಡುವುದೊಂದೇ ಬಾಕಿ ಎಂದು ಕಾಲು ಚಾಚಿ ಕೂತವರಿಗಾಗಿ ಈ ಕೈಪಿಡಿ. ಬೇಕಾಗುವ ಸಾಮಗ್ರಿ: ಓಡುವ ಜಾರ್ ಫೈಲ್ ಒಂದು, ವಿಂಡೋಸ್, ಮ್ಯಾಕ್, ಲಿನಕ್ಸ್ ಯಂತ್ರ ತಲಾ ಒಂದು, ತಾಳ್ಮೆ, ಸಾಕಷ್ಟು.

ಹಂತ 1. 'ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ' ಎಂಬ ಸನ್ ಮೈಕ್ರೋಸಿಸ್ಟಮ್ಸ್‌ನ ಹಳೆಯ ಘೋಷಣೆಯನ್ನು ಇನ್ನೊಮ್ಮೆ ಓದಿ. ಇನ್‌ಸ್ಟಾಲ್ ಮಾಡುವ ಬಗ್ಗೆ ಅದರಲ್ಲಿ ಚಕಾರವಿಲ್ಲ.

ಹಂತ 2. ಜಾರ್ ಫೈಲನ್ನೇ ಇಮೇಲ್ ಮಾಡಿಬಿಡೋಣ ಅನ್ನಿಸುತ್ತದೆ. ಮಾಡಿ ನೋಡಿ. ಅತ್ತ ಕಡೆಯ ಕಂಪ್ಯೂಟರಿನಲ್ಲಿ ಜಿಪ್ ಬಿಚ್ಚುವ ತಂತ್ರಾಂಶವಿದ್ದರೆ, ಡಬಲ್ ಕ್ಲಿಕ್ ಮಾಡಿದ ಕೂಡಲೇ ನಿಮ್ಮ ಕ್ಲಾಸ್ ಫೈಲುಗಳೆಲ್ಲ ಸಾಲಾಗಿ ಕಾಣಿಸಿಕೊಳ್ಳುತ್ತವೆ. 'ಸರ್, ಫೋಲ್ಡರೇನೋ ಬಂತು, ಆ್ಯಪ್ ಎಲ್ಲಿದೆ?' ಎಂದು ಫೋನ್ ಬರುತ್ತದೆ. ಮೊದಲು ಜಾವಾ ಹಾಕಿಕೊಳ್ಳಿ ಎನ್ನುವ ಹಾಗೂ ಇಲ್ಲ. 2018ರ ಜಾವಾ 11ರಿಂದ ಒರಾಕಲ್ ಜೆಆರ್‌ಇಯನ್ನು ಪ್ರತ್ಯೇಕವಾಗಿ ಕೊಡುವುದನ್ನೇ ಬಿಟ್ಟಿತು. ವೆಬ್ ಸ್ಟಾರ್ಟ್ ಕೂಡ ಅದೇ ಆವೃತ್ತಿಯಲ್ಲಿ ಮಾಯವಾಯಿತು. ಹಾಗಾಗಿ ಜಾವಾವನ್ನು ನೀವೇ ಜೊತೆಗೆ ಕಟ್ಟಿ ಕಳಿಸತಕ್ಕದ್ದು.

ಹಂತ 3. ಈಗ ಸಾಧನದ ಆಯ್ಕೆ. ಇಝ್‌ಪ್ಯಾಕ್ ಉಚಿತ, ಹಳಬ, ನಂಬಿಗಸ್ತ. ಆದರೆ ಅದು ಕೊಡುವ ಇನ್‌ಸ್ಟಾಲರ್ ಕೂಡ ಒಂದು ಜಾರ್. ಅದು ಏಳಬೇಕಾದರೆ ಜಾವಾ ಮೊದಲೇ ಇರಬೇಕು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ. ಗ್ರಾಹಕರೂ ಪ್ರೋಗ್ರಾಮರುಗಳೇ ಆಗಿದ್ದರೆ ಬಳಸಿ. ವಿಂಡೋಸ್ ಒಂದೇ ಸಾಕು ಎನ್ನುವವರು ಲಾಂಚ್‌ಫೋರ್‌ಜೆಯಿಂದ ಇಎಕ್ಸ್‌ಇ ಮಾಡಿ, ಇನ್ನೋ ಸೆಟಪ್‌ನಲ್ಲಿ ಸುತ್ತಿ ಕೊಟ್ಟು ನೆಮ್ಮದಿಯಾಗಿ ಮಲಗಬಹುದು.

ಉಳಿದವರಿಗೆ ಜೆಪ್ಯಾಕೇಜ್. 2020ರಲ್ಲಿ ಜೆಡಿಕೆ 14ರೊಳಗೆ ಪ್ರಯೋಗವಾಗಿ ಬಂದು, 2021ರ ಜೆಡಿಕೆ 16ರಲ್ಲಿ ಖಾಯಂ ಆಯಿತು. ಕಾಸು ಖರ್ಚಿಲ್ಲ. ಅದಕ್ಕೆ ಕೆಲವು ಹಟಗಳಿವೆ, ಅಷ್ಟೆ. ಯಾವ ಯಂತ್ರದಲ್ಲಿ ಓಡಿಸುತ್ತೀರೋ ಆ ಯಂತ್ರದ ಪ್ಯಾಕೇಜ್ ಮಾತ್ರ ಕಟ್ಟುತ್ತದೆ. ವಿಂಡೋಸ್‌ನಲ್ಲಿ ವಿಕ್ಸ್ ಟೂಲ್‌ಸೆಟ್ ಕೇಳುತ್ತದೆ. ವಿನಯದಿಂದ 0.9 ಎಂದು ಆವೃತ್ತಿ ಕೊಟ್ಟರೆ ಮ್ಯಾಕ್‌ನಲ್ಲಿ ಒಪ್ಪುವುದಿಲ್ಲ. ಮೊದಲ ಅಂಕಿ ಸೊನ್ನೆ ಆಗಕೂಡದು. ಇನ್ನು ವಿಂಡೋಸ್‌ನಲ್ಲಿ ಮೆನು, ಶಾರ್ಟ್‌ಕಟ್ ಬೇಕೆಂದು ಬಾಯಿಬಿಟ್ಟು ಹೇಳದಿದ್ದರೆ ಆ್ಯಪ್ ಸದ್ದಿಲ್ಲದೆ ಪ್ರೋಗ್ರಾಮ್ ಫೈಲ್ಸ್‌ಗೆ ಹೋಗಿ ಕೂರುತ್ತದೆ. ಐಕಾನ್ ಇಲ್ಲ, ಸುಳಿವಿಲ್ಲ. ಗ್ರಾಹಕರು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ.

ಎಚ್ಚರಿಕೆ: ಪ್ಯಾಕೇಜ್ ದಪ್ಪವಾಯಿತೆಂದು ಜೆಡೆಪ್ಸ್ ಹೇಳಿದ ಮಾಡ್ಯೂಲುಗಳನ್ನಷ್ಟೇ ಇಟ್ಟು ಜೆಲಿಂಕ್‌ನಿಂದ ತೆಳ್ಳಗೆ ಮಾಡುವ ಚಪಲ ಎಲ್ಲರಿಗೂ ಹುಟ್ಟುತ್ತದೆ. ಜೆಡಿಕೆ 21ರವರೆಗೆ ಎಲಿಪ್ಟಿಕ್ ಕರ್ವ್ ಗೂಢಲಿಪಿಗೆ ಬೇರೆಯದೇ ಮಾಡ್ಯೂಲ್ ಇತ್ತು. ಓಡುವಾಗಷ್ಟೇ ಹುಡುಕಿಕೊಳ್ಳುವ ಸೇವೆ ಅದಾದ್ದರಿಂದ ಜೆಡೆಪ್ಸ್ ಕಣ್ಣಿಗೆ ಬೀಳುವುದಿಲ್ಲ. ಅದು ಹೊರಗುಳಿದರೆ ಆ್ಯಪ್ ತೆರೆಯುತ್ತದೆ, ಬಟನ್ ಒತ್ತಬಹುದು, ವರದಿಯೂ ಪ್ರಿಂಟ್ ಆಗುತ್ತದೆ. ಎಚ್‌ಟಿಟಿಪಿಎಸ್ ಸರ್ವರನ್ನು ಮಾತಾಡಿಸಹೋದಾಗ ಮಾತ್ರ 'ಹ್ಯಾಂಡ್‌ಶೇಕ್ ಫೇಲ್ಯೂರ್'. ಪೂರ್ತಿ ಜೆಡಿಕೆ ಇರುವ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇರುತ್ತದೆ. ತಪ್ಪು ಗ್ರಾಹಕರ ಇಂಟರ್‌ನೆಟ್ಟಿನದೇ ಎಂದು ನೀವು ಎರಡು ದಿನ ವಾದಿಸಬಹುದು.

ಹಂತ 4. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಪರಿಚಿತ ಆ್ಯಪನ್ನು ಬಾಗಿಲಲ್ಲೇ ತಡೆಯುವ ಪೂಜಾರಿಯ ಹೆಸರು ಮ್ಯಾಕ್‌ನಲ್ಲಿ ಗೇಟ್‌ಕೀಪರ್, ವಿಂಡೋಸ್‌ನಲ್ಲಿ ಸ್ಮಾರ್ಟ್‌ಸ್ಕ್ರೀನ್. ಮ್ಯಾಕ್‌ನವನ ಕಾಣಿಕೆ ವರ್ಷಕ್ಕೆ 99 ಡಾಲರ್ ಡೆವಲಪರ್ ಶುಲ್ಕ, ಮೇಲೆ ಸಹಿ, ನೋಟರೈಸೇಶನ್. ವಿಂಡೋಸ್‌ನ ಸಹಿಯ ಕೀಲಿ 2023ರ ಜೂನ್‌ನಿಂದ ಹಾರ್ಡ್‌ವೇರ್ ಟೋಕನ್ನಿನಂಥ ಭದ್ರ ಸಾಧನದಲ್ಲೇ ಇರಬೇಕು. ಇನ್‌ಸ್ಟಾಲರ್ ಕಟ್ಟಲು ಯಾವ ಸಾಧನ ಆರಿಸಿದರೂ ಈ ಖರ್ಚು ತಪ್ಪದು. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದವರು ಆಮೇಲೆ ಇನ್‌ಸ್ಟಾಲರನ್ನು ಬೈಯುತ್ತಾರೆ.

ಹಂತ 5. ದುಡ್ಡು ಕೊಟ್ಟು ಕೊಳ್ಳುವುದಿದ್ದರೆ ಇನ್‌ಸ್ಟಾಲ್‌ಫೋರ್‌ಜೆ ಇದೆ. ಒಂದೇ ಯಂತ್ರದಲ್ಲಿ ಕೂತು ಮೂರಕ್ಕೂ ಕಟ್ಟುತ್ತದೆ, ಮುಂದಿನ ಆವೃತ್ತಿಯನ್ನು ತಾನಾಗಿ ತಲುಪಿಸುವ ವ್ಯವಸ್ಥೆಯೂ ಅದರಲ್ಲಿದೆ. ಜೆಪ್ಯಾಕೇಜ್ ಕಟ್ಟಿ ಕೈತೊಳೆದುಕೊಳ್ಳುತ್ತದೆ, ಅಪ್‌ಡೇಟ್ ನಿಮ್ಮ ಪಾಡು. ತಿಂಗಳಿಗೊಂದು ತಿದ್ದುಪಡಿ, ಹಣ ಕೊಡುವ ಗ್ರಾಹಕರು ಇದ್ದರೆ ಕೊಂಡುಬಿಡಿ, ಜುಗ್ಗತನ ಬೇಡ. ಇಲ್ಲದಿದ್ದರೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಮೂರೂ ಬಗೆಯ ಯಂತ್ರ ಸಿಗುತ್ತದೆ, ಜೆಪ್ಯಾಕೇಜನ್ನು ಅಲ್ಲೇ ಓಡಿಸಿ.

ಹಂತ 6. ಜಾವಾದ ಗಂಧಗಾಳಿ ಇಲ್ಲದ ಕಂಪ್ಯೂಟರಿನಲ್ಲಿ, ಕಂಪ್ಯೂಟರಿನ ಗಂಧಗಾಳಿ ಅಷ್ಟಾಗಿ ಇಲ್ಲದವರ ಕೈಯಲ್ಲಿ ಪರೀಕ್ಷಿಸತಕ್ಕದ್ದು. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ನಿಂತು ಮೌಸ್ ಕಿತ್ತುಕೊಳ್ಳತಕ್ಕದ್ದಲ್ಲ.

ಖಾತರಿ: ಮ್ಯಾಕ್‌ನ ಮುಂದಿನ ಆವೃತ್ತಿ ಬರುವವರೆಗೆ.