ಸೊಂಟದಳತೆ ಅರವತ್ತಾರು ಮಿಲಿಮೀಟರ್

ಮಿನ್ನೆಸೋಟದ ಅವಳಿ ನಗರಗಳ ದಕ್ಷಿಣದಲ್ಲಿ ಎರಡು ಗುಡ್ಡಗಳಿವೆ. ಬ್ಲೂಮಿಂಗ್ಟನ್ನಿನ ಹೈಲ್ಯಾಂಡ್ ಹಿಲ್ಸ್ ತುದಿಯಿಂದ ಬುಡಕ್ಕೆ 175 ಅಡಿ. ಶ್ರವಣಬೆಳಗೊಳದ ಚಿಕ್ಕಬೆಟ್ಟ ನೆಲದಿಂದ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ. ಬರ್ನ್ಸ್‌ವಿಲ್ಲಿನ ಬಕ್ ಹಿಲ್ 300 ಅಡಿಗೆ ಚೂರು ಮೇಲೆ. 470 ಅಡಿಯ ದೊಡ್ಡಬೆಟ್ಟ ಪಕ್ಕದಲ್ಲಿ ನಿಂತರೆ ಅದೂ ಗಿಡ್ಡವೇ. ಬರಿಗಾಲಲ್ಲಿ ಗೊಮ್ಮಟನ ಪಾದದವರೆಗೆ ಹತ್ತಿಳಿದ ಯಾವ ಕನ್ನಡಿಗನೂ ಇವನ್ನು ಪರ್ವತ ಎನ್ನಲಾರ. ಆದರೂ ಚಳಿಗಾಲ ಬಂತೆಂದರೆ ನಾವೊಂದಿಷ್ಟು ಜನ ಗುರುವಾರ ಸಂಜೆ ಆಫೀಸು ಮುಗಿಸಿ ಬಕ್ ಹಿಲ್ಲಿನ ತುದಿಗೆ ಹೋಗಿ ನಿಲ್ಲುತ್ತೇವೆ. ನೆಟ್ಟ ಕಂಬಗಳ ಗೇಟುಗಳ ನಡುವೆ ಜಾರಿ ಕೆಳಗೆ ಬಂದು, ಗಡಿಯಾರದ ಕಡೆ ಒಮ್ಮೆ ನೋಡಿ, ತಕ್ಷಣ ಬೇರೆ ಕಡೆ ನೋಡುತ್ತೇವೆ. ಒಂದು ಓಟಕ್ಕೆ ಅರ್ಧ ನಿಮಿಷವೂ ಬೇಡ. ಆ ಓಟಕ್ಕೆ ಯಾವ ಸ್ಕೀ ಹಾಕಬೇಕು ಎಂಬ ಚರ್ಚೆ ಮಾತ್ರ ದೀಪಾವಳಿಗೆ ಶುರುವಾದರೆ ಯುಗಾದಿ ಕಳೆದರೂ ಮುಗಿಯುವುದಿಲ್ಲ.

"ಯಾವುದಾದ್ರೇನ್ರೀ, ಇಪ್ಪತ್ತೈದು ಸೆಕೆಂಡಿಗೆ?" ಎನ್ನುತ್ತಾಳೆ ನನ್ನಾಕೆ. ಮದುವೆಗೆ ಸೀರೆ ಆರಿಸಲು ಹೋದ ದಿನವನ್ನು ನಾನು ನೆನಪಿಸುವುದಿಲ್ಲ. ಸಂಸಾರದಲ್ಲಿ ಕೆಲವು ವಾದಗಳನ್ನು ಗೆಲ್ಲಬಾರದು.

ಈ ಗುರುವಾರದ ಓಟಗಳಿಗೆ ಬಿಯರ್ ಲೀಗ್ ಎಂದು ಹೆಸರು. ನಮ್ಮ ತಂಡದಲ್ಲಿ ನಲ್ಲಿ ರಿಪೇರಿಯವನೊಬ್ಬ, ಹಲ್ಲಿನ ಡಾಕ್ಟರೊಬ್ಬಳು, ನಿವೃತ್ತ ಬಡಗಿಯೊಬ್ಬರು, ಹಾಸನದ ಕಡೆಯ ನನ್ನ ಗೆಳೆಯ, ಮತ್ತೆ ನಾನು. ಇಂಥ ಕಲಸುಮೇಲೋಗರದಲ್ಲಿ ಯಾರು ಯಾರನ್ನು ಸೋಲಿಸಿದರು ಎಂದು ಹೇಗೆ ಲೆಕ್ಕ ಹಾಕುವುದು? ಅದಕ್ಕೆ ಅಮೆರಿಕದಲ್ಲಿ ಹಳೆಯದೊಂದು ಉಪಾಯವಿದೆ. 'ಸ್ಕೀ' ಪತ್ರಿಕೆಯ ಸಂಪಾದಕ ಜಾನ್ ಫ್ರೈ 1968ರಲ್ಲಿ ಹುಟ್ಟುಹಾಕಿದ ನಾಸ್ಟಾರ್ ಪದ್ಧತಿ ಅದು. ನುರಿತವನೊಬ್ಬ ಮೊದಲು ಜಾರಿ ಒಂದು ಕಾಲಮಾನ ಇಡುತ್ತಾನೆ. ಅದಕ್ಕಿಂತ ನೀವು ಶೇಕಡ ಎಷ್ಟು ತಡ ಮಾಡಿದಿರೋ ಅದೇ ನಿಮ್ಮ ಅಂಕ. ಅವನು 20 ಸೆಕೆಂಡಿಗೆ ಇಳಿದು ನೀವು 25ಕ್ಕೆ ಇಳಿದರೆ ನಿಮ್ಮ ತಲೆಯ ಮೇಲೆ 25. ಪದಕಕ್ಕೆ ಬೇಕಾದ ಅಂಕವನ್ನು ವಯಸ್ಸು ನೋಡಿ ಸಡಿಲಿಸುತ್ತಾರೆ. ಮುದುಕರಾದಷ್ಟೂ ಚಿನ್ನ ಹತ್ತಿರ. ವಯಸ್ಸಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಏರ್ಪಾಡನ್ನು ನಾನು ಈ ದೇಶದಲ್ಲಿ ಕಂಡಿಲ್ಲ.

ಗುಡ್ಡ ಸಣ್ಣದು, ಸರಿ. ಕಷ್ಟ ಇರುವುದು ಅದರ ಮೈಯಲ್ಲಿ. ಆಕಾಶದಿಂದ ಬೀಳುವ ಹಿಮ ಇಲ್ಲಿ ಸಾಲುವುದಿಲ್ಲ. ನೀರನ್ನೂ ಒತ್ತಿದ ಗಾಳಿಯನ್ನೂ ಸೇರಿಸಿ ಯಂತ್ರಗಳಿಂದ ಉಗಿಯುತ್ತಾರೆ. ಚಿತ್ರಗಳಲ್ಲಿ ಕಾಣುವ ಆರು ಎಸಳಿನ ಹರಳುಗಳಾಗದೆ ಅದು ಸಣ್ಣ ಗುಂಡುಗಳಾಗಿ ಬಿದ್ದು ಒತ್ತೊತ್ತಾಗಿ ಕೂರುತ್ತದೆ. ಹಗಲಲ್ಲಿ ಚೂರು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮಕ್ಕಳು ಮೇಲಿನ ಪುಡಿಯನ್ನೆಲ್ಲ ಕೆರೆದು ಬದಿಗೆ ತಳ್ಳಿದ ಮೇಲೆ ನಮ್ಮ ಪಾಲಿಗೆ ಉಳಿಯುವುದು ದೀಪದ ಬೆಳಕಿಗೆ ಹೊಳೆಯುವ ಗಟ್ಟಿ ಮಂಜುಗಡ್ಡೆ. ವಿಶ್ವಕಪ್ ನಡೆಸುವವರು ಇಳಿಜಾರಿಗೆ ಕೊಳವೆಯಿಂದ ನೀರು ಚುಚ್ಚಿ, ಹೆಪ್ಪುಗಟ್ಟಿಸಿ, ಇಂಥದೇ ನೆಲವನ್ನು ಖರ್ಚು ಮಾಡಿ ತಯಾರಿಸುತ್ತಾರೆ. ನಮಗೆ ಪುಕ್ಕಟೆ. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಕಲಿತದ್ದು ಇದೇ ಬಕ್ ಹಿಲ್ಲಿನಲ್ಲಿ, ಆಸ್ಟ್ರಿಯಾದಿಂದ ಬಂದು ನೆಲೆಸಿದ ಎರಿಕ್ ಸೈಲರ್ ಎಂಬ ಗುರುವಿನ ಕೈಕೆಳಗೆ. ಈ ಸಂಗತಿಯನ್ನು ನಮ್ಮ ಲೀಗಿನ ಪ್ರತಿಯೊಬ್ಬನೂ ಹೊಸಬರ ಕಿವಿಗೆ ಹಾಕುತ್ತಾನೆ, ತನ್ನ ಕಾಲಮಾನ ಹೇಳುವ ಸ್ವಲ್ಪ ಮೊದಲು.

ಇಂಥ ನೆಲಕ್ಕೆ ಸ್ಕೀ ಆರಿಸುವಾಗ ಮೊದಲು ನೋಡಬೇಕಾದದ್ದು ಸೊಂಟ. ಬೂಟು ಕೂರುವ ಜಾಗದಲ್ಲಿ ಹಲಗೆಯ ಅಗಲ. ಪುಡಿಹಿಮದಲ್ಲಿ ತೇಲಲು ಮಾಡಿದ ಸ್ಕೀಗಳಿಗೆ ಇದು 100 ಮಿಲಿಮೀಟರ್ ದಾಟುತ್ತದೆ. ರೇಸಿನವಕ್ಕೆ 65ರಿಂದ 68. ಸೊಂಟ ಸಣ್ಣದಿದ್ದರೆ ಉಕ್ಕಿನ ಅಂಚು ನೇರ ಕಾಲಿನ ಕೆಳಗೇ ಬರುತ್ತದೆ. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ಕಾಲಗಂಟು ಹೋರಾಡಬೇಕಿಲ್ಲ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೂ ಬೇಗ. ನನ್ನವು 66. ನಮ್ಮ ಮನೆಯಲ್ಲಿ ಸೊಂಟದಳತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬಲ್ಲದ್ದು ಅದೊಂದೇ.

ಎರಡನೆಯದು ತಿರುವಿನ ತ್ರಿಜ್ಯ. ಸ್ಕೀಯ ಪಕ್ಕೆ ಒಳಕ್ಕೆ ಬಾಗಿರುತ್ತದಲ್ಲ, ಆ ಬಾಗನ್ನು ಮುಂದುವರಿಸಿ ವೃತ್ತ ಎಳೆದರೆ ಅದರ ತ್ರಿಜ್ಯ ಎಷ್ಟೋ ಅಷ್ಟು ಮೀಟರೆಂದು ಹಲಗೆಯ ಮೇಲೇ ಬರೆದಿರುತ್ತಾರೆ. ಗೇಟುಗಳು ಹತ್ತಿರಹತ್ತಿರ ಇರುವ ಸ್ಲಾಲಮ್ ಓಟದ ಸ್ಕೀಗೆ ಹನ್ನೆರಡು ಹದಿಮೂರು ಮೀಟರ್. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಸ್ಸಿನ ನಿಯಮಕ್ಕೆ ತಕ್ಕಂತೆ ಮಾಡಿದ ಗಂಡಸರ ಜೈಂಟ್ ಸ್ಲಾಲಮ್ ಸ್ಕೀಗೆ, ಅಂದರೆ ಗೇಟುಗಳು ದೂರದೂರ ಇರುವ ಓಟದ್ದಕ್ಕೆ, 30 ಮೀಟರ್, ಉದ್ದ 193 ಸೆಂಟಿಮೀಟರ್.

ನನ್ನ ಹಾಸನದ ಗೆಳೆಯನ ಬಳಿ ಇರುವುದು ಈ 193. ಕಾಲೇಜು ತಂಡದ ಹುಡುಗನೊಬ್ಬ ಋತು ಮುಗಿದ ಮೇಲೆ ಮೂರು ಕಾಸಿಗೆ ಮಾರಿದ್ದನ್ನು ಇವನು ಕಣ್ಣಿಗೊತ್ತಿಕೊಂಡು ತಂದ. "ಉದ್ದ ಇದ್ದಷ್ಟೂ ಸ್ಟೇಬಲ್ ಕಣಲಾ" ಎನ್ನುವುದು ಅವನ ಸಿದ್ಧಾಂತ. ಸಿದ್ಧಾಂತ ಸುಳ್ಳಲ್ಲ. ಆಲ್ಪ್ಸಿನ ಕಡಿದಾದ ಇಳಿಜಾರಿನಲ್ಲಿ, ನಮ್ಮ ಹೆದ್ದಾರಿಯ ಕಾರುಗಳ ವೇಗದಲ್ಲಿ ಬರುವವನಿಗೆ ಆ ಹಲಗೆ ದೇವರು. ಆದರೆ ಅದು ಬಾಗಬೇಕಾದರೆ ವೇಗ ಬೇಕು, ವೇಗಕ್ಕೆ ಇಳಿಜಾರು ಬೇಕು, ಇಳಿಜಾರು ಬೇಕೆಂದರೆ ಬಕ್ ಹಿಲ್ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಮೂರನೇ ಗೇಟಿನಲ್ಲಿ ತಿರುಗು ಎಂದು ಇವನು ಕೇಳಿಕೊಂಡದ್ದನ್ನು ಅದು ಐದನೆಯದರ ಹತ್ತಿರ ಮಂಜೂರು ಮಾಡುತ್ತದೆ. ನಡುವಿನ ನಾಲ್ಕನೆಯದು ಎಷ್ಟೋ ಸಲ ಅವನ ಲೆಕ್ಕಕ್ಕೇ ಸಿಕ್ಕಿಲ್ಲ. ಮಾರಿಬಿಡೋ ಎಂದರೆ, ಅದರ ಮೇಲೆ ಇನ್ನೂ ಅಂಟಿಕೊಂಡಿರುವ ಆ ಹುಡುಗನ ರೇಸಿನ ಸ್ಟಿಕ್ಕರನ್ನು ಸವರುತ್ತಾನೆ.

ಜನ ತಾವು ಇಳಿಯುವ ಗುಡ್ಡಕ್ಕೆ ಸ್ಕೀ ಕೊಳ್ಳುವುದಿಲ್ಲ, ಟೀವಿಯಲ್ಲಿ ನೋಡಿದ ಬೆಟ್ಟಕ್ಕೆ ಕೊಳ್ಳುತ್ತಾರೆ ಎನ್ನುವುದು ನನ್ನ ದೂರು.

ಇನ್ನೊಂದು ಕೊನೆಯಲ್ಲಿ 165 ಸೆಂಟಿಮೀಟರಿನ ಸ್ಲಾಲಮ್ ಸ್ಕೀ ಇದೆ. ಅದಕ್ಕೆ ತಾಳ್ಮೆ ಕಡಿಮೆ, ಯೋಚನೆ ಮಾಡುವ ಮೊದಲೇ ತಿರುಗಿರುತ್ತದೆ. ಗೇಟುಗಳು ದೂರದೂರ ಇದ್ದರೆ ನಡುವಿನ ನೇರ ದಾರಿಯಲ್ಲಿ ಅದರ ಮೂತಿ ಆಚೀಚೆ ಆಡುತ್ತದೆ. ಇವೆರಡರ ಮಧ್ಯೆ, 175ರಿಂದ 183ರ ಉದ್ದ, ಹದಿನಾರರಿಂದ ಹತ್ತೊಂಬತ್ತು ಮೀಟರಿನ ತ್ರಿಜ್ಯ ಇರುವ ಒಂದು ತಳಿಯಿದೆ. ಅದನ್ನು 'ಚೀಟರ್ ಜಿಎಸ್', ಅಂದರೆ ಮೋಸದ ಜೈಂಟ್ ಸ್ಲಾಲಮ್, ಎನ್ನುತ್ತಾರೆ. ಎಫ್‌ಐಎಸ್ ಇನ್‌ಸ್ಪೆಕ್ಟರು ಟೇಪು ಹಿಡಿದು ನಮ್ಮ ಗುಡ್ಡಕ್ಕೆ ಬರುವ ಭಯವಿಲ್ಲವಾದ್ದರಿಂದ ಇದರಿಂದ ಯಾರಿಗೂ ಮೋಸವಿಲ್ಲ. ಲೀಗಿನ ಹೆಚ್ಚಿನವರ ಕಾಲಲ್ಲಿ ಇದೇ ಇರುತ್ತದೆ, ತಪ್ಪೇನೂ ಅಲ್ಲ. ಆದರೆ ಒಂದೇ ಜೊತೆ ಕೊಳ್ಳಲು ದುಡ್ಡಿದೆ ಎಂದಾದರೆ ನನ್ನ ಮತ 165ಕ್ಕೆ. ಸಣ್ಣ ಗುಡ್ಡ, ಕಡಿಮೆ ವೇಗ, ಎಲ್ಲಿ ನೋಡಿದರೂ ಮಂಜುಗಡ್ಡೆ. ಅಲ್ಲಿ ಬೇಗ ತಿರುಗಿ ಗಟ್ಟಿಯಾಗಿ ಹಿಡಿಯುವುದೇ ಮುಖ್ಯ. ಅದರಲ್ಲೂ ವೃತ್ತಿಪರರಿಗೆಂದು ಮಾಡಿದ ಪಕ್ಕಾ ರೇಸ್ ಹಲಗೆ ಬೇಡ, ಅಂಗಡಿಯವರು ನಮ್ಮಂಥವರಿಗೆಂದು ಇಟ್ಟಿರುವ ಸ್ವಲ್ಪ ಮೆದುವಾದದ್ದು ಸಾಕು. ಮರದ ತಿರುಳು, ಅದರ ಮೇಲೂ ಕೆಳಗೂ ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ, ಇಷ್ಟು ಇರಲಿ. ಆ ಹಾಳೆ ಇಲ್ಲದ ಹಲಗೆ ಗಟ್ಟಿನೆಲದ ಮೇಲೆ ತರತರ ನಡುಗುತ್ತದೆ.

ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಬಿದ್ದಾಗ ಬೂಟು ಕಳಚಿಕೊಳ್ಳಬೇಕಲ್ಲ, ಆ ಬೈಂಡಿಂಗಿನ ಬಿಗಿ ಕೂರಿಸಲು ತೂಕ, ಎತ್ತರ, ವಯಸ್ಸು, ಜೊತೆಗೆ ನೀವು ಯಾವ ಬಗೆಯವರು ಎಂದು ಕೇಳುತ್ತಾರೆ. ಒಂದನೆಯ ಬಗೆ ಅಂಜುಬುರುಕರು, ಎರಡನೆಯದು ಮಧ್ಯಮ, ಮೂರನೆಯದು ಭಂಡರು. ಎಲ್ಲ ಗಂಡಸರೂ ತೂಕವನ್ನು ಇಳಿಸಿ ಬಗೆಯನ್ನು ಏರಿಸಿ ಹೇಳುತ್ತಾರೆ. ಪಕ್ಕದಲ್ಲಿ ಹೆಂಡತಿ ಇದ್ದರೆ ಎರಡೂ ಅಲ್ಲೇ ತಿದ್ದುಪಡಿಯಾಗುತ್ತವೆ. ತೂಕ ಇಳಿಸಿ ಹೇಳುವ ಅಗತ್ಯವೇನೂ ಇಲ್ಲ ಎಂಬುದು ಬೇರೆ ಮಾತು. ಚಪ್ಪಟೆ ಜಾಗದಲ್ಲಿ ಗಾಳಿಯನ್ನು ಸೀಳಿ ಹೋಗಲು ಭಾರದವನಿಗೇ ಅನುಕೂಲ. ಹೋಳಿಗೆ ತಿಂದದ್ದು ಉಪಯೋಗಕ್ಕೆ ಬರುವ ಆಟ ಇದೊಂದೇ.

ಇಷ್ಟು ಹೇಳಿದ ಮೇಲೆ ನಿಜ ಹೇಳಿಬಿಡಬೇಕು. ಇದೆಲ್ಲ ಎರಡನೆಯ ಸಾಲಿನ ವಿಷಯ. ಮೊದಲನೆಯದು ಅಂಚಿನ ಹರಿತ. ಸ್ಕೀಯ ಪಕ್ಕದ ಅಂಚನ್ನು 90 ಡಿಗ್ರಿ ಇರಲು ಬಿಡದೆ ಅರದಿಂದ ಉಜ್ಜಿ 87ಕ್ಕೆ ತರಬೇಕು. ತಳದ ಕಡೆಯಿಂದ ಅರ್ಧದಿಂದ ಒಂದು ಡಿಗ್ರಿಯಷ್ಟು ಎತ್ತಬೇಕು. ಆಮೇಲೆ ವಜ್ರದ ಸಾಣೆಯಿಂದ ನುಣುಪು ಮಾಡಬೇಕು. ಉಗುರನ್ನು ಅಂಚಿನ ಮೇಲೆ ಅಡ್ಡಡ್ಡ ಎಳೆದರೆ ಬಿಳಿ ಪುಡಿ ಉದುರಬೇಕು, ಉದುರದಿದ್ದರೆ ಮತ್ತೆ ಉಜ್ಜಬೇಕು. ಗಂಟೆಗಟ್ಟಲೆ ಹಿಡಿಯುವ, ಬೆನ್ನು ನೋಯುವ ಕೆಲಸ. ಹೊಸ ಸ್ಕೀ ಕೊಂಡರೆ ಅಭಿನಂದಿಸುವವರಿದ್ದಾರೆ, ಹಳೆಯದನ್ನು ಹರಿತ ಮಾಡಿದವನನ್ನು ಕೇಳುವವರಿಲ್ಲ. ಅದಕ್ಕೇ ನಮ್ಮ ಚರ್ಚೆಗಳಲ್ಲಿ ಕಂಪನಿಗಳ ಹೆಸರು ಬರುವಷ್ಟು ಅರದ ಹೆಸರು ಬರುವುದಿಲ್ಲ.

ನಮ್ಮ ತಂಡದ ಬಡಗಿ ಚರ್ಚೆಗೇ ಬರುವುದಿಲ್ಲ. ಅವರ ಸ್ಕೀಗಳ ಮೇಲ್ಮೈ ಚಕ್ಕೆಯೆದ್ದು ಹೋಗಿ, ಕಂಪನಿಯ ಹೆಸರು ಅಂಟುಪಟ್ಟಿಯ ಅಡಿಯಲ್ಲಿದೆ. ಪ್ರತಿ ಬುಧವಾರ ರಾತ್ರಿ ಅವನ್ನು ಹರಿತ ಮಾಡಿಟ್ಟುಕೊಂಡು, ಗುರುವಾರ ಬಂದು, ನಮ್ಮೆಲ್ಲರಿಗಿಂತ ಬೇಗ ಇಳಿದು, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಅವರು ಹೋದ ಮೇಲೆ ನಾವು, ಆ ಅಂಟುಪಟ್ಟಿಯ ಕೆಳಗೆ ಯಾವ ಕಂಪನಿಯ ಹೆಸರಿರಬಹುದೆಂದು ಬಿಯರಿನ ಮುಂದೆ ವಾದಿಸುತ್ತೇವೆ.

ಅವರನ್ನು ನೋಡಿಯೇ ನಾನೂ ಬೇಸ್‌ಮೆಂಟಿನಲ್ಲಿ ಮೇಜು ಹಾಕಿದ್ದು. ಹರಿತವಾದ ಮೇಲೆ ತಳಕ್ಕೆ ಮೇಣ ಸುರಿದು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಸವರಬೇಕು. ಒಂದು ದಿನ ಹಾಗೆ ಸವರುತ್ತಿರುವಾಗ ಅಮ್ಮ ವೀಡಿಯೊ ಕರೆ ಮಾಡಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಒಂದ್ ದಿನ ನಿನ್ನ ಅಂಗಿಗೆ ನೀನು ಇಸ್ತ್ರಿ ಮಾಡ್ಕೊಂಡವನಲ್ಲ. ಹಲಗೆಗೆ ಮಾಡ್ತಾ ಇದೀಯಲ್ಲೋ!" ಎಂದಳು. ಫೋನಿನ ಹಿಂದೆ ನಿಂತಿದ್ದ ನನ್ನಾಕೆ, "ನೋಡಿ ಅತ್ತೆ, ನೀವೇ ನೋಡಿ" ಎಂದಳು.

ಗೆಳೆಯ ಅರ ಹಿಡಿಯುವವನಲ್ಲ. ಸೋತ ದಿನ ಅವನು ಇತಿಹಾಸ ಹಿಡಿಯುತ್ತಾನೆ. "ನಮ್ ರಕ್ತಕ್ಕೆ ಐಸು ಒಗ್ಗಲ್ಲ ಬಿಡ್ಲಾ." ನಾನು ಕಾಶ್ಮೀರದ ಆರಿಫ್ ಖಾನ್ ಹೆಸರು ಹೇಳಿದೆ. 2022ರ ಬೀಜಿಂಗ್ ಒಲಿಂಪಿಕ್ಸಿನ ಜೈಂಟ್ ಸ್ಲಾಲಮ್ಮಿನಲ್ಲಿ ಹೊರಟವರ ಪೈಕಿ ಸುಮಾರು ಅರ್ಧದಷ್ಟು ಜನ ಮುಗಿಸಲೇ ಇಲ್ಲ, ಆತ ಮುಗಿಸಿ 45ನೆಯವನಾದ. "ಕಾಶ್ಮೀರದೋರಿಗೆ ಐಸು ಹೊಸದಾ?" ಎಂದ. ಹಾಗಾದರೆ ಕೊಡಗಿನ ತೆಕ್ಕಡ ಭವಾನಿ? ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೇ ಆಡುತ್ತಾರೆ. ಸ್ವಲ್ಪ ಯೋಚಿಸಿ, "ಕೊಡಗಿನೋರು ಏನ್ ಬೇಕಾದ್ರೂ ಮಾಡ್ತಾರೆ, ಅವರ ಸುದ್ದಿ ಬಿಡು" ಎಂದ.

ಋತು ಮುಗಿದಾಗ ಹಳೆಯ ಸ್ಕೀಗಳ ಮಾರಾಟ ನಡೆಯುತ್ತದೆ. ಕಳೆದ ಸಲ ಅಲ್ಲಿ, ದಾವಣಗೆರೆಯಿಂದ ಹೊಸದಾಗಿ ಬಂದ ಹುಡುಗನೊಬ್ಬ ಸಿಕ್ಕಿದ. "ಸರ್, ನಾನೂ ಲೀಗ್ ಸೇರ್ಬೇಕು ಅಂತಿದೀನಿ, ಯಾವುದು ತಗೋಳ್ಳಲಿ?" ಎಂದು ಕೇಳಿದ. ಸೊಂಟ, ತ್ರಿಜ್ಯ, ಟೈಟಾನಲ್, 87 ಡಿಗ್ರಿ, ಒಂದೂ ಬಿಡದೆ ಹೇಳಿದೆ. ಹುಡುಗ ಫೋನಿನಲ್ಲಿ ಬರೆದುಕೊಂಡ. 165ರ ಒಳ್ಳೆಯ ಜೊತೆಯೊಂದನ್ನು ಹುಡುಕಿ ತರಲು ನಾನು ಆ ಬದಿಯ ಸಾಲಿಗೆ ಹೋಗಿ ಬರುವಷ್ಟರಲ್ಲಿ ಹುಡುಗನ ಹೆಗಲ ಮೇಲೆ 193 ಇತ್ತು, ಸ್ಟಿಕ್ಕರಿನ ಸಮೇತ. ಪಕ್ಕದಲ್ಲಿ ನನ್ನ ಗೆಳೆಯ ದುಡ್ಡು ಎಣಿಸುತ್ತಿದ್ದ.

"ಉದ್ದ ಇದ್ದಷ್ಟೂ ಸ್ಟೇಬಲ್ ಅಂತೆ ಸರ್" ಎಂದ ಹುಡುಗ, ಖುಷಿಯಾಗಿ.

ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ. ಗೋಡೆಗೆ ಒರಗಿಸಿಟ್ಟ ಇನ್ನೊಂದು ಜೊತೆಯನ್ನು ತೋರಿಸಿದ. "188. ಐದು ಸೆಂಟಿಮೀಟರ್ ಕಮ್ಮಿ. ನಿನ್ ಮಾತು ಕೇಳಿದೀನಿ ತಾನೆ, ಈಗ ಸಮಾಧಾನಾನಾ?"

ಬಗ್ಗಿ ಹಲಗೆಯ ಮೇಲಿನ ಬರಹ ಓದಿದೆ. ಹೆಂಗಸರ ಜೈಂಟ್ ಸ್ಲಾಲಮ್ಮಿನದು. ತ್ರಿಜ್ಯ 30 ಮೀಟರ್.