ಹೆಣಗಳು ನಡೆದಾಡುವ ಕಾಲದಲ್ಲಿ ತಪ್ಪೊಪ್ಪಿಗೆ: ಬಳಸುವ ವಿಧಾನ

ಈ ಕೈಪಿಡಿ ‘ದಿ ವಾಕಿಂಗ್ ಡೆಡ್’ ಟಿವಿ ಧಾರಾವಾಹಿಯ ಲೋಕದ ನಿವಾಸಿಗಳಿಗಾಗಿ. 2010ರ ಅಕ್ಟೋಬರ್ 31ರಿಂದ 2022ರ ನವೆಂಬರ್ 20ರವರೆಗೆ, 177 ಕಂತುಗಳ ಉದ್ದಕ್ಕೂ, ಜಾರ್ಜಿಯಾ ವರ್ಜೀನಿಯಾಗಳ ಕಾಡುಮೇಡುಗಳಲ್ಲಿ ಜೀವ ಉಳಿಸಿಕೊಳ್ಳಲು ಹೆಣಗಿದವರು ಇವರು. ಜಾಂಬಿಗೆ ಎಲ್ಲಿ ಹೊಡೆಯಬೇಕೆಂಬುದನ್ನು ಎಲ್ಲರೂ ಬೇಗ ಕಲಿತರು. ಅದಕ್ಕೆ ಪುಸ್ತಕ ಬೇಡ. ಕೋರ್ಟು, ಠಾಣೆ, ವಕೀಲರು ಯಾವುದೂ ಉಳಿಯದ ಕಡೆ, ಕೊಂದವರು ಕೊಂದೆವೆಂದು ಹೇಳುವುದು ಹೇಗೆ, ಯಾರ ಮುಂದೆ? ಅದು ಮಾತ್ರ ಬಹುತೇಕ ಯಾರಿಗೂ ಸರಿಯಾಗಿ ಬರಲಿಲ್ಲ.

(ಎಚ್ಚರಿಕೆ: ಕಥೆ ಪೂರ್ತಿ ಬಯಲಾಗುತ್ತದೆ. ನೋಡದವರು ತಮ್ಮ ಜವಾಬ್ದಾರಿಯ ಮೇಲೆ ಮುಂದುವರಿಯಿರಿ.)

ಮೊದಲು, ಮಾಡಬಾರದ್ದು. ಸಂಗಡಿಗನನ್ನು ಜಾಂಬಿಗಳ ಬಾಯಿಗೆ ಕೊಟ್ಟು ಬಂದಿದ್ದರೆ ಅವನ ಉತ್ತರಕ್ರಿಯೆಯಲ್ಲಿ ಮಾತಾಡಲು ಒಪ್ಪಬೇಡಿ. ಎರಡನೇ ಸೀಸನ್ನಿನಲ್ಲಿ ಗುಂಡೇಟು ತಿಂದ, ಗುಂಪಿನ ಮುಖಂಡ ರಿಕ್‌ನ ಮಗ ಕಾರ್ಲ್‌ಗೆ ಔಷಧಿ ಸಲಕರಣೆ ತರಲು ಶೇನ್ ಮತ್ತು ಓಟಿಸ್ ಒಂದು ಹೈಸ್ಕೂಲಿಗೆ ಹೋದರು. ಕೈತಪ್ಪಿ ಹುಡುಗನಿಗೆ ಗುಂಡು ತಗಲಿಸಿದವನೂ ಓಟಿಸನೇ. ಹಿಂಡು ಬೆನ್ನಟ್ಟಿದಾಗ ಶೇನ್ ಅವನ ಕಾಲಿಗೆ ಗುಂಡು ಹೊಡೆದು ತಾನು ಓಡಿಬಂದ. ಆಮೇಲೆ ಸತ್ತವನ ಹೆಂಡತಿ ಬೇಡಿಕೊಂಡಳೆಂದು ಅವನ ತ್ಯಾಗವನ್ನು ಕೊಂಡಾಡಿದ. ಜಗ್ಗಾಟದಲ್ಲಿ ಓಟಿಸ್ ಕಿತ್ತ ಕೂದಲಿನ ಗುರುತು ಕಾಣದಿರಲೆಂದು ತಲೆಯನ್ನೂ ಬೋಳಿಸಿಕೊಂಡಿದ್ದ. ಸಾವಿನ ಮನೆಯಲ್ಲಿ ತಲೆ ಬೋಳಿಸಿಕೊಂಡವರನ್ನು ನಮ್ಮ ಕಡೆ ಯಾರೂ ಅನುಮಾನಿಸುವುದಿಲ್ಲ. ಜಾರ್ಜಿಯಾದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ತಪ್ಪೊಪ್ಪಿಗೆಯನ್ನೂ ಪಟ್ಟಾಭಿಷೇಕವನ್ನೂ ಒಂದೇ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅದೇ ಸೀಸನ್ನಿನ ಕೊನೆಯಲ್ಲಿ ರಿಕ್, ಗೆಳೆಯ ಶೇನ್‌ನನ್ನು ಕೊಂದದ್ದು ತಾನೇ ಎಂದು ಗುಂಪಿನ ಮುಂದೆ ಒಪ್ಪಿಕೊಂಡ. ಸತ್ಯವೇ. ಆದರೆ ಕೊಂದದ್ದು ನಿಮಗೋಸ್ಕರ ಎಂದು ಋಣವನ್ನು ಕೇಳುವವರ ತಲೆಗೇ ಕಟ್ಟಿ, ಇನ್ನು ಮುಂದೆ ಇಲ್ಲಿ ಪ್ರಜಾಪ್ರಭುತ್ವ ಇಲ್ಲವೆಂದೂ ಸಾರಿಬಿಟ್ಟ. ತಪ್ಪು ಹೇಳಿಕೊಂಡವನು ಹೇಳುವ ಮೊದಲಿಗಿಂತ ಬಲಶಾಲಿಯಾಗಿ ಎದ್ದರೆ ನಡೆದದ್ದು ತಪ್ಪೊಪ್ಪಿಗೆ ಅಲ್ಲ, ಅದು ಬೆದರಿಕೆ. ಮುಂದೆ ಇದೇ ರಿಕ್ ಆಶ್ರಯ ಕೇಳಿ ಬಂದವರಿಗೆ ಮೂರು ಪ್ರಶ್ನೆ ಹಾಕುತ್ತಾನೆ: ಎಷ್ಟು ಜಾಂಬಿ ಕೊಂದಿರಿ, ಎಷ್ಟು ಜನರನ್ನು ಕೊಂದಿರಿ, ಯಾಕೆ? ಮೂರನೆಯದಕ್ಕೆ ಉತ್ತರ ಬರೆಯಲು ಜಾಗ ಹೆಚ್ಚು ಬಿಟ್ಟಿರಬೇಕು.

ಬೇರೆಯವರ ಪಾಪನಿವೇದನೆಯನ್ನು ನೀವು ಮಾಡಬೇಡಿ. ಈ ಸೂಚನೆ ಪಾದ್ರಿಗಳಿಗೂ ಅನ್ವಯ. ಫಾದರ್ ಗೇಬ್ರಿಯಲ್ ಚರ್ಚಿನ ಬಾಗಿಲು ಹಾಕಿಕೊಂಡು ಕೂತ. ಅವನ ಸಭೆಯ ಜನ ಹೊರಗೆ ಕೂಗಿಕೂಗಿ ಸತ್ತರು. ಇದಕ್ಕೆ ನೀನು ಸುಟ್ಟುಹೋಗುತ್ತೀಯ ಎಂದು ಗೋಡೆಯ ಹೊರಮೈಯಲ್ಲಿ ಯಾರೋ ಕೆತ್ತಿದ್ದರು. ಆ ಅಕ್ಷರ ಕಾರ್ಲ್ ಕಣ್ಣಿಗೆ ಬಿದ್ದು, ರಿಕ್ ಹಿಡಿದು ಕೇಳಿದ ಮೇಲಷ್ಟೇ ಅವನ ಬಾಯಿಂದ ಮಾತು ಹೊರಟದ್ದು. ಅದೇ ಗೇಬ್ರಿಯಲ್ ಅಲೆಕ್ಸಾಂಡ್ರಿಯಾ ಎಂಬ ನೆಲೆ ಸೇರಿದ ಮೇಲೆ, ತನಗೆ ಆಸರೆ ಕೊಟ್ಟ ಗುಂಪಿನ ಪಾಪಗಳನ್ನು ಅಲ್ಲಿನ ಮುಖ್ಯಸ್ಥೆ ಡಿಯಾನಾಳ ಮುಂದೆ ಕೇಳದೆಯೇ ಬಿಚ್ಚಿಟ್ಟ. ಅಲ್ಲಿ ಅವನಿಗೆ ತಡವರಿಕೆಯೇ ಇರಲಿಲ್ಲ.

ಈಗ ಸರಿಯಾದ ವಿಧಾನ. ಬೇಕಾಗುವ ಸಾಮಗ್ರಿ: ಒಂದು ಮೇಜು, ಒಂದು ಪಿಸ್ತೂಲು, ಎದುರಿಗೆ ನಿಮ್ಮಿಂದ ನೊಂದವರು.

ಗುಂಪು ಆಶ್ರಯ ಪಡೆದಿದ್ದ ಜೈಲಿನಲ್ಲಿ ಜ್ವರ ಹಬ್ಬಿದಾಗ, ಸೋಂಕು ತಡೆಯಲೆಂದು ಗುಂಪಿನವಳೇ ಆದ ಕ್ಯಾರಲ್ ಇಬ್ಬರು ರೋಗಿಗಳನ್ನು ಕೊಂದು ಸುಟ್ಟಳು. ಸೋಂಕು ನಿಲ್ಲಲಿಲ್ಲ. ಸತ್ತವರಲ್ಲಿ ಒಬ್ಬಳು ಟೈರೀಸ್‌ನ ಪ್ರೇಯಸಿ ಕ್ಯಾರೆನ್. ರಿಕ್ ಕೇಳಿದಾಗ ಕ್ಯಾರಲ್ ಒಂದೇ ಮಾತಿನಲ್ಲಿ ಹೌದೆಂದಳು; ಅವನು ಅವಳನ್ನು ಗುಂಪಿನಿಂದ ಹೊರಗಟ್ಟಿದ. ಶಿಕ್ಷೆಯೇನೋ ಆಯಿತು, ಆದರೆ ಸಾಲ ಇದ್ದದ್ದು ರಿಕ್‌ಗೆ ಅಲ್ಲವಲ್ಲ. ಅದು ತೀರುವ ಹೊತ್ತು ಬಂದದ್ದು ‘ದಿ ಗ್ರೋವ್’ ಕಂತಿನಲ್ಲಿ, 2014ರ ಮಾರ್ಚ್‌ನಲ್ಲಿ. ಕಾಡಿನ ನಡುವಿನ ಮನೆ; ಕ್ಯಾರಲ್, ಟೈರೀಸ್ ಮತ್ತೆ ಒಟ್ಟಿಗಿದ್ದಾರೆ. ಅವರ ಜೊತೆಗಿದ್ದ ಹುಡುಗಿ ಲಿಜ್ಜಿ ತನ್ನ ತಂಗಿ ಮಿಕಾಳನ್ನೇ ಕೊಂದಿದ್ದಾಳೆ, ಲಿಜ್ಜಿಯನ್ನು ಕ್ಯಾರಲ್ ಕೊಂದಿದ್ದಾಳೆ. ಅಂದು ರಾತ್ರಿ ಅವಳು ಟೈರೀಸ್‌ನ ಎದುರು ಕೂತು, ಪಿಸ್ತೂಲನ್ನು ಅವನತ್ತ ಸರಿಸಿ, ಕ್ಯಾರೆನ್‌ಳನ್ನು ಕೊಂದವಳು ತಾನೇ ಎಂದು ಹೇಳುತ್ತಾಳೆ. ಮಾಡಬೇಕಾದ್ದನ್ನು ಮಾಡು ಎನ್ನುತ್ತಾಳೆ. ಸೋಂಕು ತಡೆಯಲು ಮಾಡಿದೆ ಎಂಬ ಕಾರಣ ಒಂದೆರಡು ಮಾತಿನಲ್ಲೇ ಮುಗಿಯುತ್ತದೆ; ಭಾಷಣ ಇಲ್ಲ, ಕಣ್ಣೀರು ತೋರಿಸಿ ವಿನಾಯಿತಿ ಕೇಳುವುದೂ ಇಲ್ಲ. ಅವನು ಕೇಳಿದ್ದು ಎರಡೇ ಸಂಗತಿ: ಏನಾಗುತ್ತಿದೆ ಎಂದು ಕ್ಯಾರೆನ್‌ಗೆ ತಿಳಿಯಿತೇ, ಹೆದರಿದಳೇ? ಉತ್ತರ ಕೇಳಿ ಬಹಳ ಹೊತ್ತು ಮೇಜನ್ನು ಹಿಡಿದು ಕೂತ. ಕ್ಷಮಿಸಿದ್ದೇನೆ ಎಂದ; ಮರೆಯುವುದಿಲ್ಲ ಎಂದೂ ಹೇಳಿದ. ಶೇನ್‌ನಂತೆ ಬಿಟ್ಟು ಓಡಿಬಂದದ್ದಲ್ಲ, ರಿಕ್‌ನಂತೆ ಗದ್ದುಗೆ ಏರಿದ್ದಲ್ಲ. ತೀರ್ಪನ್ನು ನೊಂದವನ ಕೈಗೆ ಕೊಟ್ಟು, ಅದು ಮರಣದಂಡನೆಯಾದರೂ ಸರಿ ಎಂದು ಕೂತದ್ದು. ಇಡೀ ಧಾರಾವಾಹಿಯಲ್ಲಿ ನನಗೆ ಕಂಡ ನಿಜವಾದ ನ್ಯಾಯಾಲಯ ಆ ಮೇಜೊಂದೇ.

ಕೊನೆಯದಾಗಿ, ಗ್ಯಾರಂಟಿಯ ವಿಚಾರ. ಹಗುರವಾದ ತಪ್ಪನ್ನು ಒಪ್ಪಿಕೊಂಡರೆ ಭಾರದ್ದು ತಾನಾಗಿ ಮನ್ನಾ ಆಗುವುದಿಲ್ಲ. ಎಂಟನೇ ಸೀಸನ್ನಿನಲ್ಲಿ ಎದುರಾಳಿ ಗುಂಪಿನ ನಾಯಕ ನೀಗನ್, ಜಾಂಬಿಗಳು ಸುತ್ತುವರಿದ ಟ್ರೇಲರ್ ಒಳಗೆ, ಅದೇ ಗೇಬ್ರಿಯಲ್ ಮುಂದೆ ತನ್ನ ಮೊದಲ ಹೆಂಡತಿಗೆ ಮಾಡಿದ ಮೋಸವನ್ನು ಹೇಳಿಕೊಂಡ. ತಾನು ಬ್ಯಾಟಿನಿಂದ ತಲೆ ಒಡೆದು ಕೊಂದಿದ್ದ, ರಿಕ್ ಗುಂಪಿನ ಗ್ಲೆನ್, ಏಬ್ರಹಾಂ ಅವನ ಪಾಪದ ಲೆಕ್ಕದಲ್ಲಿ ಬರಲೇ ಇಲ್ಲ. ಗ್ಲೆನ್‌ನ ಹೆಂಡತಿ ಮ್ಯಾಗಿಯ ಎದುರು ನಿಂತು ಕ್ಷಮೆ ಕೇಳಿದ್ದು ಧಾರಾವಾಹಿಯ ಕೊನೆಯ ಕಂತಿನಲ್ಲಿ, ತನ್ನ ಆಗಿನ ಹೆಂಡತಿಯೂ ಕೈತಪ್ಪಿ ಹೋಗುವ ಭಯವನ್ನು ತಾನೇ ಉಂಡ ಮೇಲೆ. ಮ್ಯಾಗಿ ಅವನಿಗೆ ಜಾಗ ಕೊಟ್ಟಳು, ಕ್ಷಮೆ ಕೊಡಲಾಗಲಿಲ್ಲ.

ಎಲ್ಲ ಕಂತು ನೋಡುವ ವ್ಯವಧಾನ ಇಲ್ಲದವರು ನಾಲ್ಕನೇ ಸೀಸನ್ನಿನ 14ನೆಯದೊಂದನ್ನಾದರೂ ನೋಡಿ. ಮಕ್ಕಳನ್ನು ಮಲಗಿಸಿದ ಮೇಲೆ ನೋಡಿ.